ಹಿಮದ ಮನೆಗೆ ಬಂದ ನೆಂಟರು

ಮೈಮೂನಮ್ಮನ ಮನೆಯಲ್ಲಿ ಮಗ್ರಿಬ್ ಬಾಂಗ್ ಆಗಿ ಕತ್ತಲಾದ ಮೇಲೆ ಕೆಲವು ಪ್ರಾಣಿಗಳಿಗೆ ಹೆಸರಿರುವುದಿಲ್ಲ. ಹಾವು ಹಗ್ಗವಾಗುತ್ತದೆ. ಹುಲಿ ‘ದೊಡ್ಡವರು’ ಆಗುತ್ತದೆ. ಸೌದಿಯ ಅಲ್ ಖೋಬರಿನ ಥುಕ್ಬಾ ಪೇಟೆಯಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿಗೆ ಹುಲಿ ಎಲ್ಲಿಂದ ಬರಬೇಕು ಅಂತ ಕೇಳಬೇಡಿ, ನಾನು ಕೇಳಿ ಬೈಸಿಕೊಂಡಿದ್ದೇನೆ.

“ಕತ್ತಲಲ್ಲಿ ಹೆಸರು ಹೇಳಿದ್ರೆ ಕರೆದ ಹಾಗೆ. ಕರೆದ್ರೆ ಬರ್ತದೆ. ಬಂದ ಮೇಲೆ ಎಂತ, ನೀನು ಚಾ ಮಾಡಿ ಕೊಡ್ತೀಯಾ?”

ಅವರು ಉಪ್ಪಿನಂಗಡಿ ಕಡೆಯವರು. ಅವರ ತಂದೆ ಕಾಡಿನಲ್ಲಿ ಮರ ಕಡಿಸುತ್ತಿದ್ದವರು. ಆ ಕಾಡು ಎಷ್ಟು ದೂರ ಬಂದರೂ ಅವರ ನಾಲಗೆಯಿಂದ ಇಳಿದಿಲ್ಲ.

ಇಂಥ ಮನೆಯ ಮಗಳು ಜುವೈರಿಯಾ ಹಿಮಕರಡಿ ಓದಲು ಹೊರಟಳು! ನಾನು ಪಕ್ಕದ ಫ್ಲ್ಯಾಟಿನ ಹುಡುಗಿ, ನಮ್ಮ ಬಿಲ್ಡಿಂಗಿನಲ್ಲಿ ನನಗಿಂತ ದೊಡ್ಡ ಅಭಿಮಾನಿ ಅವಳಿಗಿಲ್ಲ. ಅವಳು ಶಾಲು ಕಟ್ಟುವ ಹಾಗೆ ಕಟ್ಟುತ್ತೇನೆ, ಅವಳ ಹಳೆಯ ಬಯಾಲಜಿ ಪುಸ್ತಕದಲ್ಲೇ ಓದುತ್ತೇನೆ. ಅವಳ ತಂದೆ ಹಸನ್ ಕುಂಞಿ ಎಸಿ ರಿಪೇರಿ ಮಾಡುವವರು, ಇಡೀ ಥುಕ್ಬಾವನ್ನು ತಣ್ಣಗೆ ಇಟ್ಟವರು. “ನಾನು ಇಲ್ಲಿ ಗ್ಯಾಸ್ ತುಂಬಿಸಿ ತುಂಬಿಸಿ ಸುಸ್ತು, ಇವಳಿಗೆ ಅಲ್ಲಾಹು ಫ್ರೀಯಾಗಿ ತಣ್ಣಗೆ ಕೊಡ್ತಾನಂತೆ” ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಜುವೈರಿಯಾ ರಾಬಿಗ್‌ನಿಂದ ಸ್ವಲ್ಪ ಈಚೆ, ಕೆಂಪು ಸಮುದ್ರದ ದಡದಲ್ಲಿರುವ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುತ್ತಾಳೆ. ಹಿಮಕರಡಿಯನ್ನು ಮುಟ್ಟದೆ, ಮದ್ದು ಕೊಟ್ಟು ಮಲಗಿಸದೆ, ಅದು ಇಟ್ಟ ಹೆಜ್ಜೆಯ ಹಿಮವನ್ನಷ್ಟೇ ಬಾಚಿ ತಂದು, ಕರಗಿಸಿ, ಆ ನೀರಿನಲ್ಲಿ ಉಳಿದಿರುವ ಡಿಎನ್‌ಎ ನೋಡಿ ಇದು ಯಾರು, ಗಂಡಾ ಹೆಣ್ಣಾ, ಯಾರ ಮಗು ಅಂತ ಹೇಳುವುದು ಅವಳ ಕೆಲಸ. ಹೆಜ್ಜೆ ಗುರುತಿನಿಂದ ತಾಯಿಯ ಹೆಸರು ತಿಳಿಯುವ ಹಾಗೆ! ಮೊದಲ ಸಲ ಕೇಳಿದ ದಿನ ನಾನು ಅನ್ನ ಬಿಟ್ಟು ಎದ್ದಿದ್ದೆ.

ಹೊರಡುವ ಮೊದಲಿನ ವಾರಗಳಲ್ಲಿ ಮನೆಯಲ್ಲಿ ಅದೇ ಮಾತು. ಎಲ್ಲರೂ ಕೆಲಸ ಮುಗಿಸಿ ಸೇರುವುದೇ ಕತ್ತಲಾದ ಮೇಲೆ. ಆಗ ಕರಡಿ ಎನ್ನುವಂತಿಲ್ಲ. ಹಾಗಾಗಿ ಮೈಮೂನಮ್ಮನೇ ಒಂದು ಹೆಸರು ಇಟ್ಟರು: ನೆಂಟರು. ನಾವು ನಮ್ಮ ಬ್ಯಾರಿ ಭಾಷೆಯಲ್ಲಿ ಹೇಳುವುದು ಬೇರೆ ಮಾತು, ಇಲ್ಲಿ ಕನ್ನಡದಲ್ಲಿ ನೆಂಟರು ಅಂತಲೇ ಇರಲಿ. “ನೆಂಟರಿಗೆ ಎಂತ ತಿನ್ಲಿಕ್ಕೆ?” “ಸೀಲ್ ಅಂತ ಒಂದು ಮೀನಿನ ಹಾಗೆ ಇರ್ತದೆ ಉಮ್ಮಾ.” “ನೆಂಟರು ನಿನ್ನನ್ನು ತಿಂದ್ರೆ?” “ತಿಂದ್ರೆ ಥುಕ್ಬಾದ ಖಾರ ಗೊತ್ತಾಗ್ತದೆ ಅವರಿಗೆ.” ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ನವೆಂಬರಿನಲ್ಲಿ ಅವಳು ಹೋದಳು. ನಾರ್ವೆಗಿಂತಲೂ ಮೇಲೆ, ಸಮುದ್ರದ ನಡುವಿನ ದ್ವೀಪ. ಆ ತಿಂಗಳು ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ನಾವು ಅಷ್ಟು ದಿನ ಹಿಮ, ಚಳಿ, ಬೂಟು ಅಂತೆಲ್ಲ ಮಾತಾಡಿದೆವು. ಅಲ್ಲಿ ಮಗ್ರಿಬ್ ಮುಗಿಯುವುದೇ ಇಲ್ಲ ಎನ್ನುವುದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ಅಲ್ಲಿ ಕಡಲ ಪಕ್ಕ ಒಂದು ಮರದ ಗುಡಿಸಲು. ಇವಳು, ಇವಳ ಕ್ಲಾಸಿನ ತಲ್ಹಾ, ಪ್ರೊಫೆಸರಮ್ಮ, ಕೋವಿ ಹಿಡಿದು ಕಾವಲಿಗಿರುವ ಆಸ್ಲಾಕ್ ಎಂಬ ಅಲ್ಲಿಯವನು. ತಲ್ಹಾ ದಮ್ಮಾಮ್‌ನ ಸೌದಿ ಹುಡುಗ. ಬಟ್ಟೆಗಿಂತ ಮೊದಲು ಅರಬಿ ಕಾಫಿ ಕಹ್ವಾದ ಹೂಜಿ ದಲ್ಲಾ ಮತ್ತು ಪುಟ್ಟ ಕಪ್ಪುಗಳನ್ನು ಬ್ಯಾಗಿಗೆ ತುಂಬಿಕೊಂಡು ಬಂದಿದ್ದನಂತೆ. ಕೋವಿ ಕೊನೆಯ ಉಪಾಯ. ಕರಡಿ ಕಂಡರೆ ವಾಕಿಟಾಕಿಯಲ್ಲಿ ‘ಬೇರ್’ ಅನ್ನಬೇಕು. ಒಳಗಿದ್ದವರು ಬಾಗಿಲು ತೆಗೆಯಬಾರದು, ಹೊರಗಿದ್ದವರು ಬೆಂಕಿ ಬಾಣ ಹಾರಿಸಬೇಕು, ಸದ್ದಿಗೆ ಕರಡಿ ಓಡಿಹೋಗುತ್ತದೆ. ಇಷ್ಟೇ. ಮಕ್ಕಳಿಗೂ ಅರ್ಥವಾಗುವ ನಿಯಮ.

ಆ ದಿನ ಪಕ್ಕದ ಕ್ಯಾಂಪಿನವರು ಊಟಕ್ಕೆ ಬರುವವರಿದ್ದರು, ಪ್ರೊಫೆಸರಮ್ಮ ಅವರನ್ನು ಕರೆತರಲು ಹೋಗಿದ್ದರು. ತಲ್ಹಾ ಒಳಗೆ ಅಡುಗೆ ಮಾಡುತ್ತಿದ್ದ. ಜುವೈರಿಯಾ ಮತ್ತು ಆಸ್ಲಾಕ್ ಸ್ವಲ್ಪ ದೂರದ ದಿಬ್ಬದಲ್ಲಿ ಹೆಜ್ಜೆಗಳ ಹಿಮ ತುಂಬುತ್ತಿದ್ದರು. ಮಧ್ಯಾಹ್ನ. ಆದರೆ ಆಕಾಶದಲ್ಲಿ ಚಂದ್ರ. ಆಸ್ಲಾಕ್ ಬೆನ್ನು ತಿರುಗಿಸಿ ಜಾರುಗಾಡಿಗೆ ಹಗ್ಗ ಬಿಗಿಯುತ್ತಿದ್ದ. ಇವಳು ತಲೆ ಎತ್ತಿದಳು. ಗುಡಿಸಲಿನ ಹಿಂದೆ ಹಿಮದ ಒಂದು ತುಂಡು ನಡೆಯುತ್ತಿತ್ತು.

“ನನಗೆ ಹೆದರಿಕೆ ಆಗ್ಲಿಲ್ಲ, ಗೊತ್ತುಂಟಾ” ಎಂದು ಅವಳು ಆಮೇಲೆ ನನಗೆ ಹೇಳಿದಳು. “ವಾಕಿಟಾಕಿ ಒತ್ತಿದೆ. ಬಾಯಿ ತೆಗೆದೆ. ಸುತ್ತ ಕತ್ತಲೆ. ಆ ಶಬ್ದ ಗಂಟಲಲ್ಲಿ ಬಂತು, ಅಲ್ಲೇ ನಿಂತಿತು. ಉಮ್ಮಾ ಹಿಂದಿನಿಂದ ಬಾಯಿ ಮುಚ್ಚಿದ ಹಾಗೆ.”

ಅವಳು ಹೇಳಿದ್ದು: “ಗೆಸ್ಟ್ ಬಂದಿದೆ. ಮನೆ ಹತ್ತಿರ ಗೆಸ್ಟ್.”

ಹೇಳಿದ್ದು ಯಾರಿಗೆ? ಊಟಕ್ಕೆ ಜನ ಬರುವುದನ್ನೇ ಕಾಯುತ್ತಿದ್ದ ಒಬ್ಬ ಅರಬಿಗೆ. ಅತಿಥಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವನು ಕಿಟಕಿಯಲ್ಲಿ ಇಣುಕಿ ನೋಡುತ್ತಾನಾ? ಒಂದು ಕೈಯಲ್ಲಿ ಹಬೆಯಾಡುವ ದಲ್ಲಾ, ಇನ್ನೊಂದರಲ್ಲಿ ಕಪ್ಪುಗಳು, ಮೊಣಕೈಯಲ್ಲಿ ಬಾಗಿಲು ನೂಕಿ “ಅಹ್ಲನ್! ಅಹ್ಲನ್ ವ ಸಹ್ಲನ್!” ಎನ್ನುತ್ತಾ ಹೊರಗೆ ಬಂದ. ಗೋಡೆಯ ಮೂಲೆ ತಿರುಗಿ ಅದೂ ಬಂತು. ಇಬ್ಬರ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ. ತಲ್ಹಾನ ಕೂಗಿಗೆ ದಿಬ್ಬದಲ್ಲಿದ್ದ ಆಸ್ಲಾಕ್ ತಿರುಗಿದ. ಬೆಂಕಿ ಬಾಣಕ್ಕೆ ಸಮಯವಿರಲಿಲ್ಲ. ಒಂದೇ ಗುಂಡು.

ಅದಿನ್ನೂ ಎಳೆಯದು. ಹೆಣ್ಣು. ತೀರಾ ಬಡಕಲು. ಊಟದ ವಾಸನೆಗೆ ಬಂದಿತ್ತು ಅಷ್ಟೇ. ಕಪ್ಪುಗಳು ಹಿಮದಲ್ಲಿ ಬಿದ್ದಿದ್ದವು, ಒಂದೂ ಒಡೆದಿರಲಿಲ್ಲ. ಆಸ್ಲಾಕ್ ಟೋಪಿ ತೆಗೆದು ನಿಂತ. ಮೇಲಿನವರು ಬಂದು ವಿಚಾರಿಸಿ, ಜೀವ ಉಳಿಸಲು ಹೊಡೆದದ್ದು, ಯಾರದೂ ತಪ್ಪಿಲ್ಲ ಎಂದರು. ಜುವೈರಿಯಾ ತಾನು ಹೇಳಿದ ಮಾತನ್ನು ಅವತ್ತೇ ಎಲ್ಲರಿಗೂ ಹೇಳಿದಳು. ಒಬ್ಬರೂ ಬೈಯಲಿಲ್ಲ. ಪ್ರೊಫೆಸರಮ್ಮ ಅಪ್ಪಿಕೊಂಡರಂತೆ. ಬೈದಿದ್ದರೆ ಚೆನ್ನಾಗಿತ್ತು ಅನ್ನುತ್ತಾಳೆ ಇವಳು.

ಡಿಸೆಂಬರಿನಲ್ಲಿ ರಜೆಗೆ ಮನೆಗೆ ಬಂದಳು. ನಾನು ಪ್ರಶ್ನೆಗಳ ಮೂಟೆ ಕಟ್ಟಿಕೊಂಡು ಓಡಿದ್ದೆ. ಬಂದವಳು ಜುವೈರಿಯಾ ಅಲ್ಲ, ಅವಳ ಬಟ್ಟೆ ಹಾಕಿಕೊಂಡ ಯಾರೋ. ಬಾಗಿಲಿಗೆ ಮುಖ ಮಾಡಿ ಕೂರುತ್ತಿರಲಿಲ್ಲ. ಬೆಲ್ ಆದರೆ ಸಾಕು, “ತೆಗೀಬೇಡಿ, ತೆಗೀಬೇಡಿ” ಎನ್ನುತ್ತಿದ್ದಳು. ಖಮೀಸ್ ಮುಶೈತ್‌ನಿಂದ ಅವಳ ಸೋದರಮಾವನ ಮನೆಯವರು ಅಷ್ಟು ದೂರ ಕಾರು ಓಡಿಸಿಕೊಂಡು ಬಂದರೆ ಇವಳು ಬಾತ್‌ರೂಮಿನಿಂದ ಹೊರಗೇ ಬರಲಿಲ್ಲ.

ಆಮೇಲೆ ಆ ಉಸಿರು. ಗೋಡೆಯಾಚೆ ಯಾರೋ ನಿಂತು ಉಸಿರು ಬಿಡುತ್ತಾರೆ ಅಂತ.

“ಔಟ್‌ಡೋರ್ ಯೂನಿಟ್ ಸದ್ದು ಅದು, ಮಗಳೇ” ಎಂದರು ಹಸನ್ ಕುಂಞಿ.

“ಚಳಿಗಾಲದಲ್ಲಿ ಎಸಿ ಯಾರು ಹಾಕ್ತಾರೆ ಉಪ್ಪಾ? ಬಂದ್ ಉಂಟಲ್ಲ.”

ಅವರು ಸುಮ್ಮನೆ ಎದ್ದು ಏಣಿ ತಂದು ಗೋಡೆಯ ಯೂನಿಟ್ಟನ್ನೇ ಬಿಚ್ಚಿ ಅಂಗಡಿಗೆ ಒಯ್ದರು. ಗೋಡೆಯಲ್ಲಿ ಖಾಲಿ ಮೊಳೆಗಳು ಉಳಿದವು. ಉಸಿರೂ ಉಳಿಯಿತು. ನಾನು ಒಂದು ದಿನ ಸಂಜೆಯ ಅಸರ್ ನಮಾಜು ಆದ ಮೇಲೆ ಆ ಗೋಡೆಗೆ ಕಿವಿ ಇಟ್ಟೆ. ನೀವು ನಗಬಹುದು. ನಿಧಾನವಾದ, ದೊಡ್ಡ ಎದೆಯ ಉಸಿರು. ಹಸಿದವರದು.

ಇಷ್ಟರಲ್ಲಿ ಪ್ರೊಫೆಸರಮ್ಮನ ಇಮೇಲ್ ಬಂತು. ಮಾರ್ಚಿನಲ್ಲಿ ಬೆಳಕು ಬರುತ್ತದೆ, ತಾಯಂದಿರು ಮರಿಗಳೊಂದಿಗೆ ಗುಹೆಯಿಂದ ಹೊರಬೀಳುವ ಕಾಲ. ನೀನು ಬರಲೇಬೇಕು, ಆ ಹೆಜ್ಜೆಗಳಿಲ್ಲದೆ ನಿನ್ನ ಥೀಸಿಸ್ ಅರ್ಧ. ಬರುವುದಿಲ್ಲವಾದರೆ ಜನವರಿಯೊಳಗೆ ಹೇಳು, ಜಾಗ ಬೇರೆಯವರಿಗೆ ಕೊಡುತ್ತೇನೆ. ಜುವೈರಿಯಾ ಓದಿ ಫೋನು ಬೋರಲು ಹಾಕಿದಳು. “ಹೋಗುದಿಲ್ಲ. ಓದೂ ಬೇಡ.” ನನಗೆ ಅಳು ಬಂತು.  ಮೈಮೂನಮ್ಮ ಆ ದಿನಗಳಲ್ಲಿ ಮಗಳ ಮುಂದೆ ಯಾವ ಮಾತು ಆಡಲೂ ಹೆದರುತ್ತಿದ್ದರು.

ಜನವರಿಯ ಒಂದು ಬೆಳಿಗ್ಗೆ ಅಲ್ ಖೋಬರಿನಲ್ಲಿ ಮಂಜು. ಕೆಳಗಿನ ರಸ್ತೆ ಕಾಣದು, ಎದುರಿನ ಮಸೀದಿಯ ಮಿನಾರ್ ಕಾಣದು, ಕಿಟಕಿಯ ಹೊರಗೆ ಬಿಳಿ ಮಾತ್ರ. ಬೆಲ್ ಆಯಿತು. ಜುವೈರಿಯಾ ಒಳಬಾಗಿಲ ಪರದೆಯ ಹಿಂದೆ ಸರಿದಳು. ಹಸನ್ ಕುಂಞಿ ಪರದೆಯನ್ನೊಮ್ಮೆ ನೋಡಿ, ಬಿಸ್ಮಿಲ್ಲಾ ಹೇಳಿ, ಬಾಗಿಲು ತೆಗೆದರು.

ತಲ್ಹಾ. ಜೊತೆಗೆ ಅವನ ತಾಯಿ, ಕೈಯಲ್ಲಿ ಖರ್ಜೂರದ ತಟ್ಟೆ. ಮಗನ ಜೀವ ಉಳಿದದ್ದಕ್ಕೆ ಹುಡುಗಿಯ ಮನೆಗೆ ಸಲಾಂ ಹೇಳಲು ಬಂದವರು.

“ಏನಯ್ಯಾ, ಕರಡಿ ನೆಂಟ” ಎಂದು ಹಸನ್ ಕುಂಞಿ ತಮ್ಮ ಪೇಟೆ ಅರಬಿಯಲ್ಲಿ ತಮಾಷೆ ಮಾಡಿದರು. ತಲ್ಹಾ ನಗಲಿಲ್ಲ. ಕಹ್ವಾ ಕೊಟ್ಟರೆ ಕಪ್ಪು ಮುಟ್ಟಲಿಲ್ಲ.

“ಕುಡಿಯಲಾಗುವುದಿಲ್ಲ ಚಿಕ್ಕಪ್ಪಾ. ಬಗ್ಗಿಸುವಾಗೆಲ್ಲ ಒಂದು ಕಪ್ಪು ಹೆಚ್ಚು ಬೇಕು ಅನ್ನಿಸುತ್ತದೆ. ಯಾರೋ ಕೂತಿರುತ್ತಾರೆ.” ಒಳಬಾಗಿಲ ಕಡೆ ತಿರುಗಿ ದನಿ ಎತ್ತಿದ. “ಜುವೈರಿಯಾ, ನೀನು ಕರೆದದ್ದು ಬರೀ ಮಾತು. ಅಹ್ಲನ್ ಅಂದದ್ದು ನಾನು. ಸ್ವಾಗತ ಹೇಳಿದವನು ನಾನು.”

ಪರದೆಯ ಹಿಂದಿನಿಂದ ದನಿ ಬಂತು. “ನಿನಗೂ ಆ ಉಸಿರು ಕೇಳ್ತದಾ?”

“ಕೇಳುತ್ತದೆ.”

ಜುವೈರಿಯಾ ಹೊರಗೆ ಬಂದು ಕುಳಿತಳು, ಬಾಗಿಲಿಗೆ ಮುಖ ಮಾಡಿ. ಆಗ ಮೈಮೂನಮ್ಮ, ಅಷ್ಟು ದಿನ ತುಟಿ ಹೊಲಿದುಕೊಂಡಿದ್ದವರು, ಮೆಲ್ಲಗೆ ಕೇಳಿದರು.

“ಆ ಸತ್ತವಳಿಗೆ ತಾಯಿ ಉಂಟಾ?”

“ಉಂಟು ಉಮ್ಮಾ. ಆ ದಿನ ದಿಬ್ಬದಲ್ಲಿ ನಾವು ತುಂಬಿಸಿದ್ದು ತಾಯಿಯ ಹೆಜ್ಜೆ. ಲ್ಯಾಬಿನಲ್ಲಿ ಗೊತ್ತಾಯ್ತು. ತಾಯಿ ಅಲ್ಲೇ ತಿರುಗ್ತಾ ಇದ್ದಾಳೆ.”

“ನಿನ್ನ ಮನೆ ಬಾಗಿಲಲ್ಲಿ ಮಗಳು ಹೋದದ್ದು. ತಾಯಿ ಬದುಕಿದ್ದಾಳೆ. ನೀನು ಈವರೆಗೆ ಹೋಗ್ಲಿಲ್ಲ.”

“ಎಲ್ಲಿಗೆ ಉಮ್ಮಾ?”

“ಮರಣದ ಮನೆಗೆ. ಮತ್ತೆಲ್ಲಿಗೆ? ವೈರಿಯ ಮನೆಯಲ್ಲಿ ಸಾವಾದ್ರೂ ಹೋಗಿ ಕೂತು ಬರ್ತೇವೆ ನಾವು. ನೀನು ಹೋಗ್ಲಿಲ್ಲ ಅಂತ ಅವರು ಬಂದು ನಿಂತಿದ್ದಾರೆ, ಅಷ್ಟೇ. ಎಷ್ಟು ದಿನ ನಿಲ್ಲಿಸ್ತೀ?”

 ತಲ್ಹಾನ ತಾಯಿಗೆ ಭಾಷೆ ತಿಳಿಯದು, ಜುವೈರಿಯಾ ಅರಬಿಯಲ್ಲಿ ಹೇಳಿದಳು. ಆಕೆ ಮೈಮೂನಮ್ಮನ ಕೈ ಹಿಡಿದು ತಲೆಯಾಡಿಸಿದರು, ಇದರಲ್ಲಿ ವಿಚಿತ್ರವೇನೂ ಇಲ್ಲ ಎಂಬಂತೆ. ಆ ಮಧ್ಯಾಹ್ನವೇ ಪ್ರೊಫೆಸರಮ್ಮನಿಗೆ ಬರುತ್ತೇನೆ ಅಂತ ಉತ್ತರ ಹೋಯಿತು.

ಮಾರ್ಚಿನಲ್ಲಿ ದಮ್ಮಾಮ್ ಏರ್‌ಪೋರ್ಟಿಗೆ ನಾವೆಲ್ಲ ಹೋಗಿದ್ದೆವು. ಅತ್ತರು ಹಾಕಿರಲಿಲ್ಲ ಅವಳು. ಹೊಸ ಜಾಕೆಟ್ ಬಿಟ್ಟು ಹಳೆಯದನ್ನೇ ತೊಟ್ಟಿದ್ದಳು, ಅಂಥ ಮನೆಗೆ ಹೋಗುವಾಗ ತೊಡುವ ಹಾಗೆ.

ಮೊದಲ ದಿನವೇ ಆಸ್ಲಾಕನನ್ನು ಕರೆದುಕೊಂಡು ಹೋದಳಂತೆ. ಫೋನಿನಲ್ಲಿ ಹೇಳಿದಳು. ಬೆಳಕಿತ್ತು. ಗುಂಡು ಬಿದ್ದ ಜಾಗದಲ್ಲಿ ಗುರುತೇ ಇಲ್ಲ, ಎಲ್ಲ ಹೊಸ ಹಿಮ. ಅವಳು ಅದರ ಮೇಲೆ ಮಂಡಿಯೂರಿ ಕೂತಳು. ಆಸ್ಲಾಕ್ ಕೇಳಿದ, ಇಲ್ಲಿ ಹೆಜ್ಜೆ ಏನೂ ಇಲ್ಲವಲ್ಲ, ಏನು ಮಾಡುತ್ತಿದ್ದೀ?

“ನಮ್ಮಲ್ಲಿ ಹೀಗೆ ಬಂದ್ರೆ ಮಾತಾಡದೆ ಕೂತ್ಕೊಳ್ತೇವೆ.”

“ಎಷ್ಟು ಹೊತ್ತು?”

“ಮನೆಯವರು ಬಂದು, ಇನ್ನು ಏಳಿ ಅಂತ ಹೇಳುವವರೆಗೆ.”

ಆಸ್ಲಾಕ್ ಹೆಗಲಿನಿಂದ ಕೋವಿ ಇಳಿಸಿ, ಅವಳ ಬೆನ್ನ ಹಿಂದೆ, ತಾಯಿಯ ಹೆಜ್ಜೆ ಸಿಕ್ಕಿದ್ದ ದಿಬ್ಬದ ಕಡೆ ನೋಡುತ್ತಾ ನಿಂತ.