ಹೆಲಿಕಾಪ್ಟರಿಗೆ ಕಟ್ಟಿದ ಬಾಳೆಕಂದು

ಕಡಿದ ಬಾಳೆದಿಂಡಿನ ಹಸಿ ವಾಸನೆ ಬಂದರೆ ನನಗೆ ಸುಸ್ತಾಗುತ್ತದೆ. ಇವತ್ತು ಆಯುಧಪೂಜೆ, ಮಾರ್ಕೆಟ್ ತುಂಬ ಅದೇ ವಾಸನೆ.

ಕಮಲಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಅಪ್ಪ, ಹಳೇ ಕಾರಿನ ಎಂಜಿನ್ ಹಾಕಿ ಒಬ್ಬರೇ ಕೂರುವ ಹೆಲಿಕಾಪ್ಟರ್ ಕಟ್ಟಿದ್ದ. ಅದಕ್ಕೆ ಆರು ವರ್ಷ ಹಿಡಿದಿತ್ತು. ಮೊದಲ ಸಲ ಚಾಲೂ ಮಾಡುವ ದಿನ ಅವ್ವ ಪೂಜೆ ಮಾಡಿ, ಟ್ರ್ಯಾಕ್ಟರಿಗೆ ಕಟ್ಟುವಂತೆ ಎರಡೂ ಬದಿಗೆ ಕೆಂಪು ಬಾಳೆಯ ಎತ್ತರದ ಕಂದು ಕಟ್ಟಿದಳು. “ಮದುಮಗನಂಗ ಕಾಣಾಕತ್ತದ,” ಎಂದು ಅಪ್ಪ ನಕ್ಕು ಗುಂಡಿ ಒತ್ತಿದ. ಹೆಲಿಕಾಪ್ಟರಿನ ನೆತ್ತಿಯ ಕಟ್ಟಿಗೆಯ ರೆಕ್ಕೆ ತಿರುಗಿ, ಬಾಳೆಗೆ ಬಡಿದು ಸೀಳಿಹೋಯಿತು.

“ನನ್ನ ಕಣ್ಣಿಗೂ ಬೀಳಲಿಲ್ಲಲ್ಲ,” ಎಂದನೇ ಹೊರತು ಅಪ್ಪ ಅವ್ವನನ್ನು ಬೈಯಲಿಲ್ಲ. ಹೊಸ ರೆಕ್ಕೆಯನ್ನೂ ಮಾಡಲಿಲ್ಲ.

ಈಗ ಕಲಬುರಗಿಯ ಮನೆಯಲ್ಲಿ, ಸ್ಕೂಟಿಗೆ ಕಂದು ಕಟ್ಟು ಬಾ ಎಂದು ನಾನು ಕರೆದರೆ ಅವ್ವ ಪ್ರತಿ ವರ್ಷದಂತೆ ಬಾಗಿಲಲ್ಲೇ ನಿಂತು ಹೇಳಿದಳು:

“ನೀನೇ ಕಟ್ಟವ್ವ. ಸಣ್ಣವು ಕಟ್ಟು.”