ಮಂಗಳವಾರದ ಕತ್ತರಿ

ಹೋದ ಮಂಗಳವಾರ ಸಂಜೆ ಕಾಫಿಪುಡಿಯ ಹೊಸ ಪೊಟ್ಟಣದ ಮೂತಿ ಕತ್ತರಿಸಿದೆ. ಜೋಗುಪಾಳ್ಯದ ಅಂಗಡಿಯವರು ಕಣ್ಣೆದುರಿಗೇ ಬೀಸಿಕೊಟ್ಟದ್ದು, ಇನ್ನೂ ಬೆಚ್ಚಗಿತ್ತು. ಆ ಘಮಕ್ಕೆ ಬೇರೆಯವರಿಗೆ ಒಂದು ಲೋಟ ಕಾಫಿ ನೆನಪಾಗುತ್ತದೆ. ನನಗೆ ನಾಯಿ ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಕಾಫಿಪುಡಿಗೆ ಎರಡು ಕೆಲಸ. ಒಂದು ನಿಮಗೂ ಗೊತ್ತಿರುವುದು. ಇನ್ನೊಂದು, ರಕ್ತ ನಿಲ್ಲಿಸುವುದು. ಈಳಿಗೆಮಣೆಗೆ ಬೆರಳು ಕೊಯ್ದುಕೊಂಡರೂ ಮೊಣಕಾಲು ತರಚಿಕೊಂಡರೂ ಅಕ್ಕ ಒಂದು ಚಿಟಿಕೆ ಪುಡಿ ತಂದು ಒತ್ತಿಬಿಡುವಳು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಸಿ.ವಿ. ರಾಮನ್ ನಗರದ ಎರಡು ಕೋಣೆಯ ಮನೆಯಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡು ಹಾಯಾಗಿದ್ದೇವೆ. ಅಕ್ಕ ಮುಂದಿನ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ನಾನು ವಿಮೆ ಕಚೇರಿಯ ಗುಮಾಸ್ತ. "ಇಷ್ಟು ತಡವಾಗಿ ಯಾಕೆ ತಿಳಿಸಿದಿರಿ?" ಎಂದು ಜನರನ್ನು ಕೇಳುವುದೇ ನನ್ನ ಉದ್ಯೋಗ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮೂರನೆಯವನು ಸೋಮು. ಸೋಮವಾರ ಗೇಟಿನೊಳಗೆ ನುಗ್ಗಿ ಬಂದದ್ದರಿಂದ ಆ ಹೆಸರು. ಅರ್ಧ ಪಾಮರೇನಿಯನ್, ಇನ್ನರ್ಧ ಕಗ್ಗದಾಸಪುರದ ಬೀದಿ. ಮೈತುಂಬ ಕಂಬಳಿಯಂಥ ಕೂದಲು. ಕಾಲಿನ ಗೀರು, ಕಿವಿಯ ತರಚು, ಹೀಗೆ ವಾರಕ್ಕೊಂದು ತಂದು ಅಕ್ಕನ ಮುಂದೆ ಕೂರುತ್ತಿದ್ದ. ಅವಳು ಹೊಲಿಗೆಯ ಕತ್ತರಿಯಿಂದಲೇ ಸುತ್ತಲಿನ ಕೂದಲು ಕತ್ತರಿಸಿ, ಉಪ್ಪುನೀರಿನಲ್ಲಿ ತೊಳೆದು, ಪುಡಿ ಒತ್ತಿ, ರವಿಕೆಯ ಚೂರು ಬಟ್ಟೆಯಲ್ಲಿ ಕಟ್ಟುವಳು. ಎಷ್ಟೋ ಸಲ ಯಾರದೋ ಮದುವೆಯ ಜರಿ ಅವನ ಕಾಲಲ್ಲಿ ಮಿಂಚುತ್ತಿತ್ತು.

ಆದರೆ ಮಂಗಳವಾರ, ಶುಕ್ರವಾರ, ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಕೂದಲು, ಉಗುರು ಕತ್ತರಿಸುವಂತಿರಲಿಲ್ಲ. ಬಟ್ಟೆ ಮಾತ್ರ ಕತ್ತರಿಸಬಹುದಿತ್ತು. "ಹೊಟ್ಟೆಪಾಡಿಗೆ ಅಮ್ಮ ಬೇಜಾರು ಮಾಡ್ಕೊಳಲ್ಲ ಕಣೋ" ಅನ್ನುತ್ತಿದ್ದಳು ಅಕ್ಕ. ಅಮ್ಮ ಎಂದರೆ ಹಲಸೂರಿನ ಕಡೆಯ ಒಂದು ಸಣ್ಣ ಗುಡಿಯ ದೇವಿ. ಪ್ರತಿ ಮಂಗಳವಾರ ರಾಹುಕಾಲದಲ್ಲಿ ಅಕ್ಕ ಅಲ್ಲಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದಳು. ಅಕ್ಕನಿಗಿದ್ದ ಗೆಳತಿ ಅಂದರೆ ಆ ದೇವಿಯೊಬ್ಬಳೇ ಅಂತಲೂ ಹೇಳಬಹುದು.

ಆರು ವರ್ಷದ ಹಿಂದೆ ಒಂದು ಮಂಗಳವಾರ ಸಂಜೆ, ಅಕ್ಕ ಗುಡಿಯಿಂದ ಬರುವ ಹೊತ್ತಿಗೆ, ಸೋಮು ಎಲ್ಲೋ ಜಗಳವಾಡಿ ಬಂದ. ಕುತ್ತಿಗೆಯ ಕೂದಲಲ್ಲಿ ನಾಲ್ಕು ಹನಿ ರಕ್ತ. ಅಷ್ಟೇ.

"ಕೂದಲು ಕತ್ತರಿಸಿ ನೋಡ್ಬೇಕಿತ್ತು. ಇವತ್ತು ಮಂಗಳವಾರ" ಅಂದಳು.

"ನಾಯಿಗೂ ಶಾಸ್ತ್ರಾನಾ ಅಕ್ಕ?"

"ಮನೆ ಮಗ ಅಲ್ವೇನೋ ಅವನು? ನಮಗಿರೋದು ಅವನಿಗೂ ಇದೆ."

ಕೂದಲ ಮೇಲೆಯೇ ಕಾಫಿಪುಡಿ ಒತ್ತಿದಳು. ರಕ್ತ ನಿಂತಿತು. ಮರುದಿನ ಅಮಾವಾಸ್ಯೆ. ನಾನು ವಾದಿಸಲಿಲ್ಲ. ನನಗೆ ಶಾಸ್ತ್ರದಲ್ಲಿ ನಂಬಿಕೆಯಿದ್ದದ್ದರಿಂದ ಅಲ್ಲ. ನಾಯಿಯನ್ನು ಎತ್ತಿಕೊಂಡು ಆಟೋ ಹುಡುಕುವುದು ತಪ್ಪಿತಲ್ಲ ಎಂದು. ಮೈಗಳ್ಳನಿಗೆ ಎಲ್ಲ ದಿನವೂ ಅಮಾವಾಸ್ಯೆಯೇ.

ಗುರುವಾರ ಯಾವ ಅಡ್ಡಿಯೂ ಇರಲಿಲ್ಲ. ಅಕ್ಕನ ಮುಂದೆ ಮದುವೆಮನೆಯ ಹನ್ನೆರಡು ರವಿಕೆ ರಾಶಿ ಬಿದ್ದಿದ್ದವು. ಕತ್ತರಿಯನ್ನು ನನ್ನ ಕಡೆ ಚಾಚಿ, "ಆ ಕೂದಲು ತೆಗೆದು ಗಾಯ ಒಂಚೂರು ನೋಡೋ, ನನಗೆ ಏಳೋಕಾಗ್ತಿಲ್ಲ" ಅಂದಳು. ನಾನು ಹಿತ್ತಲಿಗೆ ಹೋದೆ. ಕುತ್ತಿಗೆಗೆ ಕೈ ಹಾಕಿದ ಕೂಡಲೆ ಸೋಮು ಗುರ್ರೆಂದ. ಎಂಟು ವರ್ಷದಲ್ಲಿ ಅವನು ನನ್ನ ಮೇಲೆ ಹಲ್ಲು ತೋರಿಸಿದ್ದು ಅದೇ ಮೊದಲು. ಅದು ಸಿಟ್ಟಲ್ಲ, ನೋವು ಎಂದು ತಿಳಿಯಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ನಾನು ಹೆದರಿ ಕೈ ತೆಗೆದೆ. ಕಚೇರಿಗೆ ತಡವಾಗಿತ್ತು. ಒಳಗೆ ಬಂದು ಕತ್ತರಿ ಕೊಟ್ಟು ಹೇಳಿದೆ: "ನೋಡಿದೆ ಅಕ್ಕ. ಒಣಗಿದೆ."

ಶುಕ್ರವಾರ ಅವನು ಅನ್ನ ಮುಟ್ಟಲಿಲ್ಲ. "ಬಿಸಿಲಿಗಿರ್ಬೇಕು. ಗಾಯ ಒಣಗಿದೆ ಅಂದ್ಯಲ್ಲ" ಅಂದಳು. ಹೂಂ ಅಂದೆ. ಶನಿವಾರ ಬೆಳಿಗ್ಗೆ ವಾಸನೆ ಬಂತು. ಅಕ್ಕ ತಾನೇ ಕತ್ತರಿ ಹಿಡಿದು ಕೂದಲು ತೆಗೆದಳು. ಕಾಫಿಪುಡಿ, ರಕ್ತ, ಕೂದಲು ಮೂರೂ ಸೇರಿ ಗಟ್ಟಿ ಹಕ್ಕಳೆಯಾಗಿತ್ತು. ಅದು ಕಿತ್ತುಬಂದಾಗ ಕೆಳಗಿನ ಚರ್ಮವೂ ಬಂತು. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ಇಂದಿರಾನಗರದ ನಾಯಿ ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. "ಇದು ತರಚು ಗಾಯ ಅಲ್ಲ ಸರ್, ಕಚ್ಚಿರೋದು. ಮೇಲೆ ಎರಡು ಚಿಕ್ಕ ತೂತು, ಒಳಗಡೆ ಫುಲ್ ಇನ್ಫೆಕ್ಷನ್. ಪುಡಿ ಹಾಕಿ ಬಾಯಿ ಮುಚ್ಚಿಬಿಟ್ಟಿದೀರ, ಕೀವು ಹೊರಗೆ ಬರೋಕೆ ದಾರೀನೇ ಇಲ್ಲ." ಆಮೇಲೆ ಕೇಳಿದರು: "ಇಷ್ಟು ಲೇಟಾಗಿ ಯಾಕೆ ತಂದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಉತ್ತರ ಕೊಟ್ಟಳು. "ಮಂಗಳವಾರ ಇತ್ತು ಡಾಕ್ಟ್ರೇ. ನಾನೇ ಕತ್ತರಿ ಹಾಕ್ಬಾರ್ದು ಅಂದೆ. ನಂದೇ ತಪ್ಪು."

ನಾನು ಬಿಲ್ಲಿನ ದುಡ್ಡು ಎಣಿಸಿದೆ. ಸೋಮು ಭಾನುವಾರ ಮಧ್ಯಾಹ್ನ ಸತ್ತ. ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಹೂತೆವು. ಆವತ್ತಿನಿಂದ ಅಕ್ಕ ಗುಡಿಗೆ ಹೋಗಲಿಲ್ಲ. ಮನೆಯಲ್ಲಿ ವಾರಗಳ ಕಟ್ಟೂ ಹೋಯಿತು. ಮಂಗಳವಾರವೇ ಕೂತು ಉಗುರು ಕತ್ತರಿಸುವಳು, ಯಾರಿಗೋ ಉತ್ತರ ಕೊಡುವ ಹಾಗೆ. ಆರು ವರ್ಷ ನಾನು ಅದನ್ನು ನೋಡುತ್ತ ಕಾಫಿ ಕುಡಿದೆ.

ಹೋದ ಮಂಗಳವಾರ ಪೊಟ್ಟಣ ಕತ್ತರಿಸಿ ನಿಂತಿದ್ದೆನಲ್ಲ, ಆಗ ಗೇಟಿನಿಂದ ಅಕ್ಕ ಕೂಗಿದಳು. "ಆ ಕತ್ತರಿ ತಗೊಂಡು ಬಾರೋ." ಬೀದಿಯ ಕಂದು ನಾಯಿ ಮುಂಗಾಲು ತರಚಿಕೊಂಡು ಬಂದಿತ್ತು. ನಾನು ಹಿಡಿದುಕೊಂಡೆ. ಅವಳು ಕೂದಲು ಕತ್ತರಿಸಿ, ಕಚ್ಚಿದ ಗುರುತು ಇಲ್ಲವೆಂದು ಎರಡು ಸಲ ನೋಡಿ, ತೊಳೆದು, ಡಾಕ್ಟರು ಹೇಳಿದ್ದ ಕಂದು ಔಷಧಿಯನ್ನು ನೀರು ಬೆರೆಸಿ ಹಚ್ಚಿದಳು. ನಾಯಿ ಗುರ್ರೆಂದಿತು. ನನ್ನ ಬಾಯಿಂದ ಬಂದೇಬಿಟ್ಟಿತು.

"ಅಕ್ಕ, ಆ ಗುರುವಾರ ನಾನು ನೋಡಿರ್ಲಿಲ್ಲ."

ಅವಳ ಕೈ ನಿಂತಿತು.

"ಒಣಗಿದೆ ಅಂದ್ಯಲ್ಲ?"

"ಸುಳ್ಳು ಹೇಳಿದೆ. ಗುರ್ರ್ ಅಂದ, ಹೆದರ್ಕೊಂಡೆ."

ಅಕ್ಕ ಹತ್ತಿಯನ್ನು ಹಿಂಡಿ, ಮತ್ತೆ ಅದ್ದಿ, ಕಾಲನ್ನು ಪೂರ್ತಿ ಒರೆಸಿದಳು. ಆಮೇಲೆ, "ಆರು ವರ್ಷ ಆ ಗುಡಿ ಅಮ್ಮನ ಮುಖ ನೋಡಿಲ್ಲ ಕಣೋ ನಾನು" ಅಂದಳು. ಎದ್ದು ಒಳಗೆ ಹೋದಳು. ವಾರವಿಡೀ ಮಾತಿಲ್ಲ.

ಇವತ್ತು ಮತ್ತೆ ಮಂಗಳವಾರ. ನಾನು ರಜೆ ಹಾಕಿದ್ದೆ. ಎರಡೂವರೆಗೆ ಅಕ್ಕ ಸೀರೆ ಬದಲಿಸಿ, ಫ್ರಿಜ್ಜಿನಿಂದ ನಾಲ್ಕು ನಿಂಬೆಹಣ್ಣು ತೆಗೆದು ಚೀಲಕ್ಕೆ ಹಾಕಿಕೊಂಡಳು.

"ನಾನೂ ಬರ್ಲಾ ಅಕ್ಕ? ತಪ್ಪಾಯ್ತು ಅಂತ ಕೇಳ್ಕೊತೀನಿ."

ಅವಳು ಚಪ್ಪಲಿ ಮೆಟ್ಟುತ್ತ ಅಂದಳು: "ನಾನು ಕೇಳ್ಕೊಳೋದು ಅವಳ ಹತ್ರ ಇದೆ. ನಿಂದು ಅಲ್ಲಿಲ್ಲ."

ಗೇಟು ಹಾಕಿಕೊಂಡು ಹೋದಳು. ನಾನು ಹಿತ್ತಲಿಗೆ ಬಂದು ನುಗ್ಗೆಮರದ ಬುಡದಲ್ಲಿ ಕೂತಿದ್ದೇನೆ. ಏನೆಂದು ಶುರುಮಾಡಬೇಕೋ ತಿಳಿಯುತ್ತಿಲ್ಲ.