ಮೇಲೆ ನೋಡುತ್ತಿದ್ದ ಕ್ರೇನಿನವನು

ಅವನ ಕತ್ತಿನ ಹಿಂದೆ ಮೂರು ಮಡಿಕೆ ಇದ್ದವು. ಮುಖ ಎತ್ತಿ ಎತ್ತಿ ಬಿದ್ದ ಮಡಿಕೆ. ಜರಗನಹಳ್ಳಿಯ ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ. ಕೆಲಸ ಕ್ರೇನ್ ಓಡಿಸುವುದು. ಹೊಸ್ತಿಲು ದಾಟುವ ಮೊದಲು ಮೇಲೆ ನೋಡುತ್ತಿದ್ದ. ಹಾಲು ತರಲು ಹೋದರೂ ಮೇಲೆ.

ಮಹಡಿ ಮನೆಯವಳು ಒಂದು ದಿನ ಬಂದು, "ಆಂಟಿ, ಕೆಳಗಿನ ಅಂಕಲ್ ನನ್ನನ್ನೇ ನೋಡ್ತಾರೆ" ಎಂದು ದೂರು ಕೊಟ್ಟಳು.

"ನಿನ್ನನ್ನಲ್ಲ ಕಣಮ್ಮ, ನಿನ್ನ ಮಹಡಿ ಪಕ್ಕದ ಕರೆಂಟ್ ತಂತೀನ. ನಿನ್ನ ನೋಡೋಕೆ ಅವನಿಗೆಲ್ಲಿ ಪುರುಸೊತ್ತು" ಎಂದೆ. ಅದಕ್ಕೂ ಅವಳಿಗೆ ಬೇಜಾರಾಯಿತು.

ಮನೆ ಮುಂದಿನ ಕರೆಂಟ್ ಕಂಬದ ತುದಿಯ ಮೂರು ತಂತಿಗಳನ್ನು ಅವನು ತಾಯಿ ಅನ್ನುತ್ತಿದ್ದ. "ಮುಟ್ಲೇಬೇಕು ಅಂತಿಲ್ಲಮ್ಮ. ಹತ್ರ ಹೋದ್ರೆ ಸಾಕು, ಮೈಮೇಲೆ ಬರ್ತಾಳೆ."

ನಾನು ಮೂರನೇ ಮಹಡಿ ಕಟ್ಟಿಸಿದಾಗ ತಾರಸಿಗೆ ಒಂದೇ ಕಲ್ಲಿನ ತುಳಸಿಕಟ್ಟೆ ಏರಿಸಬೇಕಿತ್ತು. ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಅದರೊಳಗೆ ಕಲ್ಲು ಕೂರದಿದ್ದರೆ ಗೃಹಪ್ರವೇಶವೇ ಕೆಟ್ಟಂತೆ ಎಂದು ನಾನು ಬೆಳಗಿನಿಂದ ಗಡಿಯಾರವನ್ನೇ ನೋಡುತ್ತಿದ್ದೆ. ಇವನು ಎಂಟಕ್ಕೇ ಕ್ರೇನ್ ತಂದು ನಿಲ್ಲಿಸಿದ. ಮೇಲೆ ನೋಡಿದ. ಕೀ ತೆಗೆದು ಜೇಬಿಗೆ ಹಾಕಿಕೊಂಡ.

"ಲೈನ್‌ಮ್ಯಾನ್ ಬಂದು ಆಫ್ ಮಾಡ್ಲಿ. ಆಮೇಲೆ."

ಲೈನ್‌ಮ್ಯಾನ್ ಫೋನಿನಲ್ಲಿ "ಇಟ್ಟಮಡು ಬಿಟ್ಟೆ, ಬಂದೆ" ಎಂದ. ಗಂಟೆಯಾದ ಮೇಲೂ ಇಟ್ಟಮಡುವನ್ನೇ ಬಿಡುತ್ತಿದ್ದ.

ಹತ್ತು ಹೊಡೆಯಿತು. ನನಗೆ ತಡೆಯಲಿಲ್ಲ. ಒಳಗೆ ಹೋಗಿ ಮೈನ್ ಸ್ವಿಚ್ ಎಳೆದುಬಿಟ್ಟೆ. ಫ್ಯಾನು ನಿಂತಿತು, ಮಿಕ್ಸಿ ನಿಂತಿತು, ಪುರೋಹಿತರು ಶಲ್ಯದಲ್ಲಿ ಗಾಳಿ ಬೀಸಿಕೊಳ್ಳುತ್ತ ಹೊರಗೆ ಬಂದರು.

"ಕರೆಂಟ್ ತೆಗ್ದಿದ್ದೀನಿ. ಈಗ ಎತ್ತಯ್ಯ" ಎಂದೆ.

ಅವನು ತುಳಸಿಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದ. "ಅಮ್ಮ, ನೀವು ಅಡುಗೆಮನೆ ನಲ್ಲಿ ನಿಲ್ಲಿಸಿದ್ರೆ ರೋಡ್ ಪೈಪಲ್ಲಿ ನೀರು ನಿಲ್ತದಾ?"

"ಅಲ್ನೋಡು, ಕಾಗೆ ಕೂತಿದೆ ತಂತಿ ಮೇಲೆ. ಕಾಗೆಗಿರೋ ಧೈರ್ಯ ನಿನಗಿಲ್ವಾ?"

"ಕಾಗೆ ಕಾಲು ನೆಲದ ಮೇಲಿಲ್ಲಮ್ಮ. ನನ್ ಗಾಡಿದು ನಾಲ್ಕೂ ನೆಲದ ಮೇಲಿವೆ."

ಬಾಯಿಗೆ ಬಂದದ್ದೆಲ್ಲ ಬೈದೆ. ಮನೆ ಖಾಲಿ ಮಾಡು ಎಂದೂ ಅಂದೆ. "ಮಾಡ್ತೀನಿ, ಟೀ ಮುಗೀಲಿ" ಎಂದ. ಹತ್ತೂವರೆ ದಾಟಿಹೋಯಿತು.

ಹನ್ನೊಂದಕ್ಕೆ ಲೈನ್‌ಮ್ಯಾನ್ ಬಂದು, ಕರೆಂಟ್ ಇದೆಯೇ ಎಂದು ನೋಡುವ ಉದ್ದನೆಯ ಕೋಲೊಂದನ್ನು ತಂತಿಯ ಕಡೆಗೆ ಎತ್ತಿದ. ಮುಟ್ಟುವ ಮೊದಲೇ ಅದು ಕುಯ್ಯೋ ಎಂದು ಅರಚಿತು. ನನ್ನ ಮನೆ ಕತ್ತಲೆ, ತಾಯಿ ಮಾತ್ರ ಎಚ್ಚರ. ನಾನು ಮೆಲ್ಲಗೆ ಒಳಗೆ ಹೋಗಿ ಸ್ವಿಚ್ ಮೇಲಕ್ಕೆ ಹಾಕಿದೆ.

ಲೈನ್ ಆಫ್ ಆಯಿತು. ನಮ್ಮ ಕ್ರೇನಿನವನು ಕೋಲು ಮತ್ತೆ ಹಿಡಿಸಿದ, ಅದಕ್ಕೆ ಉಸಿರಿಲ್ಲ. ಅಷ್ಟಾದರೂ ನಂಬದೆ, ತಪ್ಪಿ ಕರೆಂಟ್ ಬಂದರೂ ನೆಲಕ್ಕಿಳಿಯಲೆಂದು ತಂತಿಯಿಂದ ನೆಲಕ್ಕೆ ಸರಪಳಿ ಕಟ್ಟಿಸಿದ. ತಂತಿಯನ್ನು ಮಾತ್ರ ನೋಡಲು ಒಬ್ಬನನ್ನು ನಿಲ್ಲಿಸಿ, ಆಮೇಲೆ ಕಲ್ಲು ಎತ್ತಿದ. ಪುರೋಹಿತರು ಪಂಚಾಂಗ ತಿರುವಿ, "ಹನ್ನೆರಡಕ್ಕೆ ಅಭಿಜಿನ್ ಮುಹೂರ್ತ ಇದ್ದೇ ಇದೆಯಲ್ಲ" ಎಂದರು. ಅವರಿಗೂ ಊಟ ಬಾಕಿ ಇತ್ತು. ಮನೆ ಖಾಲಿ ಮಾಡುವ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ವರ್ಷ ಎದೆನೋವು ಬಂದು ಸತ್ತ. ಅವನ ಕಡೆಯವರು ಹೆಣ ಒಯ್ಯುವ ವ್ಯಾನಿನ ಮೇಲೆ ಎತ್ತರಕ್ಕೆ ಹೂವಿನ ಕಮಾನು ಕಟ್ಟಿದ್ದರು, ಒಳಗೆಲ್ಲ ಕಬ್ಬಿಣದ ಕಂಬಿ. ಎಲ್ಲರೂ ತಲೆ ಬಗ್ಗಿಸಿ ಅಳುತ್ತಿದ್ದರು. ನಾನು ಮೇಲೆ ನೋಡಿದೆ. ಬೀದಿ ತಿರುವಿನಲ್ಲಿ ತಂತಿ ಜೋತುಬಿದ್ದಿತ್ತು.

"ತಡೀರಿ! ಆ ಕಮಾನು ಕೀಳ್ರಿ ಮೊದ್ಲು."

"ಅಜ್ಜಿ, ಹೋದವರಿಗೆ ಇನ್ನೇನು ಶಾಕ್ ಹೊಡೀತದೆ?" ಎಂದ ಒಬ್ಬ.

"ಅವನಿಗಲ್ವೋ, ವ್ಯಾನ್ ಹಿಡ್ಕೊಂಡು ನಿಂತಿರೋ ನಿನಗೆ!"

ಗೊಣಗುತ್ತ ಕಿತ್ತರು. ವ್ಯಾನು ತಂತಿಯ ಕೆಳಗೆ ಬೋಳಾಗಿ ದಾಟಿತು. ನಾನು ಅಷ್ಟಕ್ಕೇ ಬಿಟ್ಟೆ. ಅವನಾಗಿದ್ದರೆ ಲೈನ್‌ಮ್ಯಾನ್ ಬರುವ ತನಕ ಹೆಣ ಎತ್ತಲು ಬಿಡುತ್ತಿರಲಿಲ್ಲ.